ನಿಮಗಿದು ಗೊತ್ತೇ? ಗೋಡೆಯ ಥರ್ಮೋಸ್ಟಾಟ್‌ಗೆ ಓದಲು ಬರುತ್ತದೆ!

● ಪಾಠದ ನಡುವೆ ಜವಾನ ಒಳಗೆ ಬಂದರೆ ಯಾವ ಮೇಷ್ಟ್ರಿಗೆ ತಾನೇ ಹಿಡಿಸೀತು? ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್‌ನಲ್ಲಿ ವಾರನ್ ಜಾನ್ಸನ್ ಎಂಬ ಮೇಷ್ಟ್ರಿದ್ದರು. ಅವರ ಶಾಲೆಯಲ್ಲಿ ಚಳಿಗಾಲ ಬಂತೆಂದರೆ ಜವಾನನಿಗೆ ಕೈತುಂಬ ಕೆಲಸ. ಕೋಣೆಕೋಣೆಗೂ ಹೋಗಿ ಎಷ್ಟು ಬೆಚ್ಚಗಿದೆ ನೋಡಬೇಕು, ಮತ್ತೆ ನೆಲಮಾಳಿಗೆಗೆ ಇಳಿದು ಒಲೆಯ ಗಾಳಿ ಹೆಚ್ಚುಕಡಿಮೆ ಮಾಡಬೇಕು. 1883ರಲ್ಲಿ ಜಾನ್ಸನ್ ಪೇಟೆಂಟ್ ಪಡೆದ ಉಪಕರಣ ಈ ಓಡಾಟಕ್ಕೆ ಮಂಗಳ ಹಾಡಿತು. ಕೋಣೆಯ ಬಿಸಿ ಏರುಪೇರಾದರೆ ಸಾಕು, ಕೆಳಗೆ ಒಲೆಯ ಹತ್ತಿರ ಗಂಟೆ ಬಾರಿಸುತ್ತಿತ್ತು. ಬಿಸಿಯನ್ನು ಅದೇನೂ ಹೆಚ್ಚುಕಡಿಮೆ ಮಾಡುತ್ತಿರಲಿಲ್ಲ. ಸುದ್ದಿ ಮುಟ್ಟಿಸುತ್ತಿತ್ತು, ಮಿಕ್ಕಿದ್ದು ಮನುಷ್ಯರ ಕೆಲಸ. 1885ರಲ್ಲಿ ಅವರು ಮಿಲ್ವಾಕಿಯಲ್ಲಿ ಹುಟ್ಟುಹಾಕಿದ ಕಂಪನಿಯೇ ಇಂದಿನ ಜಾನ್ಸನ್ ಕಂಟ್ರೋಲ್ಸ್. ನೆಟ್‌ವರ್ಕಿಗೆ ಜೋಡಿಸಿದ ಥರ್ಮೋಸ್ಟಾಟ್‌ಗಳ ವಂಶವೃಕ್ಷ ಬರೆಯಲು ಕೂತರೆ ಬೇರಿನಲ್ಲಿ ಕಾಣುವುದು ಈ ಗಂಟೆಯೇ.

● ‘ಥರ್ಮೋಸ್ಟಾಟ್’ ಎಂಬ ಹೆಸರು ಇನ್ನೂ ಹಳೆಯದು. 1830ರಲ್ಲಿ ಸ್ಕಾಟ್‌ಲೆಂಡಿನ ರಸಾಯನಶಾಸ್ತ್ರಜ್ಞ ಆಂಡ್ರ್ಯೂ ಯೂರ್ ತಮ್ಮ ಪೇಟೆಂಟಿಗೆ ಬಳಸಿದ ಪದ ಅದು. ಎರಡು ಬೇರೆ ಬೇರೆ ಲೋಹದ ಪಟ್ಟಿಗಳನ್ನು ಬೆಸೆದು ಬಿಸಿ ಮಾಡಿದರೆ ಒಂದು ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಹಾಗಾಗಿ ಪಟ್ಟಿ ಬಾಗುತ್ತದೆ. ಬಾಗಿದಾಗ ಸ್ವಿಚ್ ಬೀಳುತ್ತದೆ. ನಿಮ್ಮ ಮನೆಯ ಇಸ್ತ್ರಿಪೆಟ್ಟಿಗೆಯೊಳಗೆ ‘ಟಿಕ್’ ಎನ್ನುವುದೂ ಇಂಥದೇ ಪಟ್ಟಿ.

● ಅದಕ್ಕೂ ಇನ್ನೂರು ವರ್ಷ ಹಿಂದೆ ಡಚ್ಚರ ಕಾರ್ನೆಲಿಸ್ ಡ್ರೆಬೆಲ್ ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಗೆ ಪಾದರಸದ ನಿಯಂತ್ರಕ ಅಳವಡಿಸಿದ್ದ. ಅಂದರೆ ಮೊದಲ ಫಲಾನುಭವಿ ಕೋಳಿಮರಿ.

● 1953ರಲ್ಲಿ ಹನಿವೆಲ್ ಹೊರತಂದ ದುಂಡನೆಯ ಥರ್ಮೋಸ್ಟಾಟ್ ಅಮೆರಿಕದ ಮನೆಗೋಡೆಗಳ ಗುರುತೇ ಆಗಿಬಿಟ್ಟಿತ್ತು. ವಿನ್ಯಾಸ ಹೆನ್ರಿ ಡ್ರೇಫಸ್ ಅವರದು. ಅದನ್ನು ಗೋಡೆಗೆ ಕೂರಿಸುವಾಗ ಮಟ್ಟ ಸರಿಯಾಗಿ ನೋಡಲೇಬೇಕಿತ್ತು, ಏಕೆಂದರೆ ಒಳಗೆ ಗಾಜಿನ ಕೊಳವೆಯಲ್ಲಿ ಪಾದರಸ ಅತ್ತಿಂದಿತ್ತ ಉರುಳಿಯೇ ಸ್ವಿಚ್ ಹಾಕುತ್ತಿತ್ತು. ಡಬ್ಬಿ ಓರೆಯಾದರೆ ಮನೆಯ ಬಿಸಿಯ ಲೆಕ್ಕವೂ ಓರೆ! ಒಳಗೆ ಇನ್ನೊಂದು ಚಮತ್ಕಾರವಿತ್ತು: ಚಿಕ್ಕದೊಂದು ತಂತಿ ತಾನೇ ತುಸು ಕಾದು, ಲೋಹದ ಪಟ್ಟಿಗೆ ‘ಕೋಣೆ ಆಗಲೇ ಬೆಚ್ಚಗಾಯಿತು’ ಎಂದು ಸುಳ್ಳು ಹೇಳುತ್ತಿತ್ತು. ಹೀಗೆ ಒಲೆ ಸ್ವಲ್ಪ ಮೊದಲೇ ಆರುತ್ತಿತ್ತು, ಕೊಳವೆಗಳಲ್ಲಿ ಉಳಿದ ಬಿಸಿ ಮಿಕ್ಕ ಕೆಲಸ ಮುಗಿಸುತ್ತಿತ್ತು. ಅನ್ನ ಪೂರ್ತಿ ಬೇಯುವ ಮುಂಚೆಯೇ ಉರಿ ಆರಿಸಿ ಮುಚ್ಚಿಡುವವರಿಗೆ ಈ ಲೆಕ್ಕಾಚಾರ ಹೊಸದೇನಲ್ಲ.

● ಅಮೆರಿಕದ ಥರ್ಮೋಸ್ಟಾಟಿನ ಹಿಂದಿನ ತಂತಿಗಳಲ್ಲಿ ಹರಿಯುವುದು ಬರೀ 24 ವೋಲ್ಟ್. ಕೆಂಪು ವಿದ್ಯುತ್ತಿಗೆ, ಬಿಳಿ ಬಿಸಿಗೆ, ಹಳದಿ ತಂಪಿಗೆ, ಹಸಿರು ಫ್ಯಾನಿಗೆ. ಕೆಂಪನ್ನು ಬಿಳಿಗೆ ಮುಟ್ಟಿಸಿದರೆ ಒಲೆ ಹೊತ್ತಿತು. ಥರ್ಮೋಸ್ಟಾಟ್ ಎಂದರೆ ಮೂಲತಃ ಇಷ್ಟೇ. ನಮ್ಮ ಮನೆಗಳ ಸ್ಪ್ಲಿಟ್ ಎಸಿಗೆ ಈ ಲೆಕ್ಕ ಅನ್ವಯಿಸದು, ಅದರ ಬೋರ್ಡೇ ಬೇರೆ.

● ಕಂಪ್ಯೂಟರಿನ ಆಜ್ಞೆ ಎಷ್ಟೋ ಥರ್ಮೋಸ್ಟಾಟ್‌ಗಳಿಗೆ ತಲುಪುವುದು ‘ಸೀರಿಯಲ್’ ತಂತಿಯಲ್ಲಿ. ಸೀರಿಯಲ್ ಎಂದೊಡನೆ ಸಂಜೆಯ ಧಾರಾವಾಹಿ ನೆನಪಾಯಿತೇ? ತಪ್ಪೇನಿಲ್ಲ, ಎರಡರ ಸ್ವಭಾವವೂ ಒಂದೇ. ಕಥೆಯನ್ನು ಒಟ್ಟಿಗೆ ಹೇಳದೆ ದಿನಕ್ಕೊಂದು ತುಣುಕು ಕೊಟ್ಟಂತೆ, ಸೀರಿಯಲ್ ತಂತಿಯಲ್ಲಿ ಅಕ್ಷರವನ್ನು ಒಡೆದು ಒಂದರ ಹಿಂದೊಂದು ಬಿಟ್ ಕಳಿಸುತ್ತಾರೆ. ಸಾಮಾನ್ಯ ವೇಗ ಸೆಕೆಂಡಿಗೆ 9600 ಬಿಟ್. ಒಂದು ಅಕ್ಷರಕ್ಕೆ ಶುರು, ಕೊನೆ ಎಲ್ಲ ಸೇರಿ 10 ಬಿಟ್ ಬೇಕು. ಅಂದರೆ ಸೆಕೆಂಡಿಗೆ 960 ಅಕ್ಷರ. ಸಿನಿಮಾ ಇಳಿಸಿಕೊಳ್ಳಲು ಇದು ಎಲ್ಲಿಗೂ ಸಾಲದು. ‘ಕೋಣೆ ತಂಪು ಮಾಡು’ ಎನ್ನಲು ಧಾರಾಳವಾಯಿತು.

● ಹಾಗಾದರೆ ಥರ್ಮೋಸ್ಟಾಟ್‌ಗೆ ಬರೆಯುವ ಓಲೆ ಹೇಗಿರುತ್ತದೆ? ಅಮೆರಿಕದ ರೆಸಿಡೆನ್ಷಿಯಲ್ ಕಂಟ್ರೋಲ್ ಸಿಸ್ಟಮ್ಸ್ ಕಂಪನಿಯ ಥರ್ಮೋಸ್ಟಾಟ್‌ಗಳನ್ನು ಮನೆ ಆಟೊಮೇಷನ್ ಹವ್ಯಾಸಿಗಳು ಬಹುಕಾಲ ಬಳಸಿದ್ದಾರೆ. ಅವುಗಳ ಭಾಷೆಯನ್ನು ನಮ್ಮ ಲಿಪಿಯಲ್ಲಿ ಬರೆದರೆ ಹೀಗೆ: ‘ಎ=1 ಓ=0 ಎಸ್‌ಪಿ=72’. ಎ ಅಂದರೆ ವಿಳಾಸ, ಯಾರಿಗೆ. ಓ ಅಂದರೆ ಯಾರಿಂದ. ಎಸ್‌ಪಿ ಅಂದರೆ ಸೆಟ್‌ಪಾಯಿಂಟ್, ಎಷ್ಟು ಡಿಗ್ರಿ ಇರಬೇಕು. ಇನ್‌ಲ್ಯಾಂಡ್ ಲೆಟರ್ ಬರೆದವರಿಗೆ ಇದರ ಕ್ರಮ ಹೊಸದಲ್ಲ: ಇವರಿಗೆ, ಇಂಥವರಿಂದ, ವಿಷಯ ಏನೆಂದರೆ. ಸಾಲು ಬರೆದು ಎಂಟರ್ ಒತ್ತಿದರೆ ಮುಗಿಯಿತು. ‘ಆರ್=1’ ಎಂದು ಸೇರಿಸಿದರೆ ‘ನಿನ್ನ ಕಡೆಯ ಸಮಾಚಾರ ತಿಳಿಸು’ ಎಂದರ್ಥ; ಕೋಣೆಯ ತಾಪ, ಸೆಟ್‌ಪಾಯಿಂಟ್, ಮೋಡ್ ಎಲ್ಲವನ್ನೂ ಹೀಗೇ ಸಮ ಚಿಹ್ನೆ ಹಾಕಿ ಒಂದು ಸಾಲಿನಲ್ಲಿ ವಾಪಸ್ ಬರೆಯುತ್ತದೆ.

ಅಂದಹಾಗೆ ಆ 72 ಎಂಬುದು ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ 22 ಡಿಗ್ರಿ ಚಿಲ್ಲರೆ. ಸೆಲ್ಸಿಯಸ್ ಅಂದುಕೊಂಡು ಗಾಬರಿ ಬೀಳಬೇಡಿ.

● ಈ ಅಕ್ಷರಗಳ ಮೂಲ ಆಸ್ಕಿ. 1963ರಲ್ಲಿ ಅಮೆರಿಕ ಒಪ್ಪಿದ ಈ ಮಾನದಂಡದಲ್ಲಿ ಇರುವುದು 128 ಸ್ಥಾನ. ದೊಡ್ಡ ‘ಎ’ಗೆ 65, ಚಿಕ್ಕ ‘ಎ’ಗೆ 97, ಹಾಗಾಗಿ ಎಷ್ಟೋ ಯಂತ್ರಗಳ ಕಣ್ಣಿಗೆ ದೊಡ್ಡಕ್ಷರದ ಆಜ್ಞೆಯೇ ಆಜ್ಞೆ, ಚಿಕ್ಕಕ್ಷರದ್ದು ಕಸ. 7ನೇ ಸ್ಥಾನದಲ್ಲಿ ಇರುವುದು ಅಕ್ಷರವೇ ಅಲ್ಲ, ಗಂಟೆ! ಅದನ್ನು ಕಳಿಸಿದರೆ ಆಚೆ ತುದಿಯ ಯಂತ್ರ ‘ಟಿಣ್’ ಎನ್ನಬೇಕು. ಜಾನ್ಸನ್ ಮೇಷ್ಟ್ರ ಗಂಟೆ ಇಲ್ಲಿಗೂ ಬಂದು ಕೂತಿದೆ ಎಂದು ನನಗೆ ಒಳಗೊಳಗೇ ಖುಷಿ.

ಇನ್ನು 13 ಮತ್ತು 10. ಎಂಟರ್ ಒತ್ತಿದಾಗ ಹೋಗುವ ಇವೆರಡರ ಹಿಂದೆ ಟೈಪ್‌ರೈಟರಿನ ಕಥೆಯಿದೆ. ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗಿ ಕೂತವರಿಗೆ ಗೊತ್ತು: ಸಾಲು ಮುಗಿಯುತ್ತಿದ್ದಂತೆ ಗಂಟೆ ಬಾರಿಸುತ್ತದೆ, ಎಡಗೈಯಿಂದ ಸನ್ನೆಯನ್ನು ದೂಡಿದರೆ ಕ್ಯಾರೇಜ್ ಕಿರ್ರನೆ ಹಿಂದಕ್ಕೆ ಸರಿಯುತ್ತದೆ, ಕಾಗದವೂ ಒಂದು ಸಾಲು ಮೇಲೇರುತ್ತದೆ. ತಂತಿಯಲ್ಲಿ ಬಂದ ಅಕ್ಷರಗಳನ್ನು ಕಾಗದಕ್ಕೆ ಹೊಡೆಯುವ ಟೆಲಿಟೈಪ್ ಯಂತ್ರದಲ್ಲಿ ಇವು ಎರಡು ಪ್ರತ್ಯೇಕ ಆಜ್ಞೆ: 13 ಅಂದರೆ ಸಾಲಿನ ಮೊದಲಿಗೆ ಮರಳು, 10 ಅಂದರೆ ಕಾಗದ ಏರಿಸು. ಆಗಿನ ಮಾಡೆಲ್ 33 ಯಂತ್ರ ಸೆಕೆಂಡಿಗೆ 10 ಅಕ್ಷರ ಹೊಡೆಯುತ್ತಿತ್ತು. ಅಚ್ಚಿನ ಮೊಳೆ ಸಾಲಿನ ಕೊನೆಯಿಂದ ಮೊದಲಿಗೆ ಮರಳಲು ಒಂದು ಅಕ್ಷರದ ಸಮಯ ಸಾಲದು. ಆದ್ದರಿಂದ ಮೊದಲು 13, ಆಮೇಲೆ 10. ಕಾಗದ ಏರುವಷ್ಟರಲ್ಲಿ ಮೊಳೆ ಊರು ಸೇರಿರುತ್ತಿತ್ತು. ಯಂತ್ರಗಳು ಗುಜರಿಗೆ ಹೋದವು, ಈ ಜೋಡಿ ಮಾತ್ರ ಹೋಗಲಿಲ್ಲ. ಒಂದು ಕಂಪನಿಯ ಥರ್ಮೋಸ್ಟಾಟ್‌ಗೆ 13 ಒಂದೇ ಸಾಕು, ಮತ್ತೊಂದಕ್ಕೆ ಎರಡೂ ಬೇಕು. ಇಲ್ಲದಿದ್ದರೆ ಸಾಲು ಇನ್ನೂ ಮುಗಿದಿಲ್ಲ ಎಂದುಕೊಂಡು ಕಾಯುತ್ತಲೇ ಕೂರುತ್ತದೆ. ಆಜ್ಞೆ ನೂರಕ್ಕೆ ನೂರು ಸರಿಯಿದ್ದೂ ಉತ್ತರ ಬಾರದಿದ್ದರೆ ಅನುಭವಸ್ಥರು ಮೊದಲು ನೋಡುವುದು ಕಣ್ಣಿಗೆ ಕಾಣದ ಈ ಎರಡು ಅಕ್ಷರಗಳನ್ನೇ.

● ಆಸ್ಕಿಯ ಕೊನೆಯ ಸ್ಥಾನ 127, ಅಂದರೆ ‘ಅಳಿಸು’. ಏಕೆ ಕೊನೆಯದು? ಕಾಗದದ ಪಟ್ಟಿಗೆ ತೂತು ಹೊಡೆದು ಅಕ್ಷರ ಬರೆಯುತ್ತಿದ್ದ ಕಾಲ ಅದು. ಹೊಡೆದ ತೂತನ್ನು ಮುಚ್ಚಲಾಗದು. ಏಳೂ ತೂತು ಹೊಡೆದುಬಿಟ್ಟರೆ ‘ಇದನ್ನು ಲೆಕ್ಕಕ್ಕೆ ಹಿಡಿಯಬೇಡಿ’ ಎಂದರ್ಥ. ಏಳೂ ಬಿಟ್ 1 ಆದರೆ 127.

● ಯೂನಿಕೋಡಿನಲ್ಲಿ ಕನ್ನಡಕ್ಕೆ ಮೀಸಲಾದ ಜಾಗವೂ ಸರಿಯಾಗಿ 128 ಸ್ಥಾನ! ಆದರೆ ಯುಟಿಎಫ್-8ರಲ್ಲಿ ನಮ್ಮ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ‘ಬಿಸಿ’ ಎಂದು ಬರೆದರೆ ಬ, ಗುಡಿಸು, ಸ, ಗುಡಿಸು, ಒಟ್ಟು 12 ಬೈಟ್. ಥರ್ಮೋಸ್ಟಾಟಿನ ಭಾಷೆಯಲ್ಲಿ ‘ಎಂ=1’ ಎಂಬಂಥ ಆಜ್ಞೆ 3 ಬೈಟಿನಲ್ಲಿ ಮುಗಿಯುತ್ತದೆ.

● ಹಳೆಯ ಕಂಪ್ಯೂಟರಿನ ಬೆನ್ನಿಗಿದ್ದ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್ ನೆನಪಿದೆಯೇ? ಅದರ ಮಾನದಂಡ ಆರ್‌ಎಸ್-232 ಬಂದದ್ದು 1960ರಲ್ಲಿ. ಅಲ್ಲಿ ಎಲ್ಲ ಉಲ್ಟಾ: 1 ಎನ್ನಲು ಋಣ ವೋಲ್ಟ್, 0 ಎನ್ನಲು ಧನ ವೋಲ್ಟ್. ಹದಿನೈದು ಮೀಟರ್ ದಾಟಿದರೆ ಅದನ್ನು ನೆಚ್ಚುವಂತಿಲ್ಲ. ಹದಿನೈದು ಮೀಟರಿನಲ್ಲಿ ಒಂದು ಹೋಟೆಲಿನ ಕಾರಿಡಾರೂ ಮುಗಿಯುವುದಿಲ್ಲ.

● ಅದಕ್ಕೆಂದೇ 1983ರಲ್ಲಿ ಬಂತು ಆರ್‌ಎಸ್-485. ಹೆಣೆದ ಒಂದು ಜೋಡಿ ತಂತಿ, 1200 ಮೀಟರ್ ದೂರ, 32 ಸಾಧನ. ಗುಟ್ಟಿರುವುದು ಹೆಣಿಗೆಯಲ್ಲಿ. ಒಂದು ತಂತಿಯ ವೋಲ್ಟೇಜ್ ಏರಿದಾಗ ಇನ್ನೊಂದರದು ಇಳಿಯುತ್ತದೆ. ಕೇಳಿಸಿಕೊಳ್ಳುವವರು ನೋಡುವುದು ಎರಡರ ನಡುವಿನ ವ್ಯತ್ಯಾಸ ಮಾತ್ರ. ಲಿಫ್ಟಿನ ಮೋಟಾರು ಪಕ್ಕದಲ್ಲಿ ಗದ್ದಲ ಎಬ್ಬಿಸಿತು ಎನ್ನಿ, ಗದ್ದಲ ಎರಡೂ ತಂತಿಗೆ ಸಮನಾಗಿ ತಗಲುತ್ತದೆ, ವ್ಯತ್ಯಾಸ ಇದ್ದಷ್ಟೇ ಇರುತ್ತದೆ. ಅಕ್ಕತಂಗಿಯರಿಬ್ಬರೂ ಒಂದೇ ಮೆಟ್ಟಿಲ ಮೇಲೆ ಹತ್ತಿ ನಿಂತರೆ ಯಾರು ಎಷ್ಟು ಎತ್ತರ ಎಂಬ ಅಂತರ ಬದಲಾಗುತ್ತದೆಯೇ?

ಆದರೆ ಇಲ್ಲೊಂದು ಪೀಕಲಾಟವಿದೆ. ಎರಡು ತಂತಿಗೆ ಎ, ಬಿ ಎಂದು ಹೆಸರು. ಒಂದು ಕಂಪನಿ ಎ ಎನ್ನುವುದನ್ನು ಇನ್ನೊಂದು ಬಿ ಎನ್ನುತ್ತದೆ, ಇಬ್ಬರೂ ತಾವೇ ಸರಿ ಎನ್ನುತ್ತಾರೆ! ಒಮ್ಮೆ ನಾನು ಅರ್ಧ ದಿನ ಕೇಬಲ್ ಬದಲಿಸಿ, ವೇಗ ಬದಲಿಸಿ, ಸಾಫ್ಟ್‌ವೇರ್ ಬದಲಿಸಿ ಬೆವರಿದ್ದೆ. ಚಹಾ ತಂದ ಹುಡುಗ ನೋಡುತ್ತ ನಿಂತವನು, ‘ಸಾರ್, ವೈರು ಆಚೆಯದ್ದು ಈಚೆಗೆ ಹಾಕಿ ನೋಡಿದ್ರಾ?’ ಎಂದ. ಹಾಕಿದೆ. ಬಂತು. ತಿರುಗಿಸಿ ಹಾಕಿದರೆ ಸಾಧನ ಸುಡುವುದೇನೂ ಇಲ್ಲ, ಮೌನವ್ರತ ಹಿಡಿಯುತ್ತದೆ ಅಷ್ಟೇ. ಹಾಗಾಗಿ ಈ ಪರೀಕ್ಷೆಗೆ ಅಂಜಬೇಕಿಲ್ಲ.

● ತಂತಿಯಲ್ಲೂ ಪ್ರತಿಧ್ವನಿ ಇರುತ್ತದೆ! ಸಂಕೇತ ತುದಿ ಮುಟ್ಟಿ ವಾಪಸ್ ಬಂದು ಮುಂದಿನ ಸಂಕೇತವನ್ನು ಕಲಸಿಬಿಡಬಲ್ಲದು. ಅದಕ್ಕೆ ಎರಡೂ ತುದಿಯಲ್ಲಿ 120 ಓಮ್‌ನ ಒಂದೊಂದು ರೆಸಿಸ್ಟರ್ ಹಾಕುತ್ತಾರೆ. ನಡುವೆ ಇರುವ ಥರ್ಮೋಸ್ಟಾಟ್‌ಗಳಿಗೆ ಅದು ಬೇಡ. ‘ಇರಲಿ’ ಎಂದು ಎಲ್ಲದಕ್ಕೂ ಹಾಕಿದರೆ ಸಂಕೇತವೇ ಬಡಕಲಾಗುತ್ತದೆ.

● ಒಂದೇ ತಂತಿಯಲ್ಲಿ 32 ಮಂದಿ ಇದ್ದರೆ ಯಾರು ಯಾವಾಗ ಮಾತಾಡಬೇಕು? ಶಾಲೆಯ ಹಾಜರಿ ಪದ್ಧತಿಯೇ ಇಲ್ಲೂ. ಮುಖ್ಯ ಯಂತ್ರ ಒಂದೊಂದೇ ನಂಬರು ಕರೆಯುತ್ತದೆ, ಕರೆದವರು ‘ಹಾಜರ್ ಸಾರ್’ ಎನ್ನುತ್ತಾರೆ, ಉಳಿದವರು ಬಾಯಿ ಮುಚ್ಚಿಕೊಂಡಿರಬೇಕು. ಎರಡು ಥರ್ಮೋಸ್ಟಾಟ್‌ಗೆ ತಪ್ಪಿ ಒಂದೇ ನಂಬರು ಕೊಟ್ಟರೆ ಇಬ್ಬರೂ ಒಟ್ಟಿಗೆ ಕೂಗುತ್ತಾರೆ. ಮೇಷ್ಟ್ರಿಗೆ ಏನೂ ಕೇಳಿಸದು.

● ಮಾಡ್‌ಬಸ್ ಎಂಬ ಭಾಷೆಯಲ್ಲಿ 0 ಎಂಬ ವಿಳಾಸಕ್ಕೆ ಬರೆದ ಆಜ್ಞೆ ಎಲ್ಲರಿಗೂ ಸೇರಿದ್ದು. ಎಲ್ಲರೂ ಪಾಲಿಸುತ್ತಾರೆ, ಯಾರೂ ಉತ್ತರಿಸುವುದಿಲ್ಲ. ಉತ್ತರಿಸಬಾರದೆಂದೇ ನಿಯಮ.

● ಈ ಮಾಡ್‌ಬಸ್ ಹುಟ್ಟಿದ್ದು 1979ರಲ್ಲಿ, ಕಾರ್ಖಾನೆಯ ನಿಯಂತ್ರಕಗಳನ್ನು ಮಾಡುತ್ತಿದ್ದ ಮಾಡಿಕಾನ್ ಕಂಪನಿಯಲ್ಲಿ. ಇಂದಿಗೂ ಹೋಟೆಲು, ಆಸ್ಪತ್ರೆ, ಕಚೇರಿಗಳ ಎಷ್ಟೋ ಥರ್ಮೋಸ್ಟಾಟ್‌ಗಳಿಗೆ ಈ ಭಾಷೆ ಬರುತ್ತದೆ. ಅದರ ಆಸ್ಕಿ ರೂಪದಲ್ಲಿ ಒಂದು ಸಾಲನ್ನು ನಾವೇ ಕೈಯಲ್ಲಿ ಬರೆದು ನೋಡೋಣ, ಪೆನ್ನು ಕಾಗದ ತೆಗೆದುಕೊಳ್ಳಿ.

1ನೇ ನಂಬರಿನ ಥರ್ಮೋಸ್ಟಾಟ್‌ಗೆ 24 ಡಿಗ್ರಿ ಇಡು ಎನ್ನಬೇಕು. ಸೆಟ್‌ಪಾಯಿಂಟ್ ಇರುವ ಖಾನೆಯ ಸಂಖ್ಯೆಯೂ 1 ಎಂದಿಟ್ಟುಕೊಳ್ಳಿ (ಅದು ಕಂಪನಿಯಿಂದ ಕಂಪನಿಗೆ ಬೇರೆ). ಸಾಲು ಶುರುವಾಗುವುದು ಕೋಲನ್ ಚಿಹ್ನೆಯಿಂದ. ಆಮೇಲೆ 01, ವಿಳಾಸ. 06, ‘ಒಂದು ಖಾನೆಗೆ ಬರೆ’ ಎಂಬ ಆಜ್ಞೆ. 0001, ಯಾವ ಖಾನೆ. 0018, ಎಷ್ಟು ಬರೆಯಬೇಕು. 18 ಏಕೆ? ಇದು ಹದಿನಾರರ ಲೆಕ್ಕ. ಒಂದು ಹದಿನಾರು ಮತ್ತು ಎಂಟು ಸೇರಿದರೆ 24. ಕೊನೆಗೆ ತಾಳೆಯ ಸಂಖ್ಯೆ. 1, 6, 0, 1, 0, 24 ಎಲ್ಲ ಕೂಡಿದರೆ 32. 256ರಿಂದ 32 ಕಳೆದರೆ 224, ಹದಿನಾರರ ಲೆಕ್ಕದಲ್ಲಿ ಅದು ‘ಇ0’. ಪೂರ್ತಿ ಸಾಲು ‘:010600010018ಇ0’, ಬೆನ್ನಿಗೆ ಮತ್ತದೇ 13 ಮತ್ತು 10. ಥರ್ಮೋಸ್ಟಾಟ್ ಎಲ್ಲವನ್ನೂ ಮತ್ತೆ ಕೂಡುತ್ತದೆ, ಸರಿಯಾಗಿ 256 ಬಂದರೆ ದಾರಿಯಲ್ಲಿ ಏನೂ ಕೆಟ್ಟಿಲ್ಲ ಎಂದು ನಂಬುತ್ತದೆ. ಒಟ್ಟು 17 ಅಕ್ಷರ. 9600ರ ವೇಗದಲ್ಲಿ ತಲುಪಲು ಬೇಕಾದದ್ದು 18 ಮಿಲಿಸೆಕೆಂಡಿಗೂ ಕಡಿಮೆ. ನೀವು ಕಣ್ಣು ಮಿಟುಕಿಸುವಷ್ಟರಲ್ಲಿ ಇಂಥ ಹಲವು ಸಾಲು ಹೋಗಿ ಮುಟ್ಟಿರುತ್ತವೆ.

● ಇಲ್ಲೇ ಎಡವಿ ಬೀಳುವ ಜಾಗವೂ ಇದೆ. ಹಲವು ಥರ್ಮೋಸ್ಟಾಟ್‌ಗಳು ಡಿಗ್ರಿಯ ಹತ್ತನೇ ಒಂದರಲ್ಲಿ ಎಣಿಸುತ್ತವೆ. ಅವಕ್ಕೆ 24 ಎಂದರೆ 2.4 ಡಿಗ್ರಿ, ಅದು ಫ್ರಿಜ್ಜಿನ ಒಳಗಿನ ಚಳಿ! 24 ಬೇಕಿದ್ದರೆ 240 ಎಂದು ಬರೆಯಬೇಕು. ತಪ್ಪಿ 24 ಎಂದೇ ಬರೆದಿರೋ, ಬುದ್ಧಿವಂತ ಸಾಧನವಾದರೆ ಆಜ್ಞೆಯ 06ನ್ನು 86 ಮಾಡಿ, ಪಕ್ಕದಲ್ಲಿ 03 ಹಾಕಿ ಹಿಂದಿರುಗಿಸುತ್ತದೆ. ‘ನೀನು ಹೇಳಿದ ಬೆಲೆ ಒಪ್ಪತಕ್ಕದ್ದಲ್ಲ’ ಎಂದು ಮಾಡ್‌ಬಸ್ಸಿನಲ್ಲಿ ಹೇಳುವ ರೀತಿ ಇದು. ಸರ್ಕಾರಿ ಕಚೇರಿಯ ಹಿಂಬರಹದಷ್ಟೇ ಚುಟುಕು.

● 24ರ ಮಾತು ಬಂತಲ್ಲ: 2020ರ ಜನವರಿ 1ರಿಂದ ಭಾರತದಲ್ಲಿ ಮಾರುವ ಸ್ಟಾರ್ ಗುರುತಿನ ರೂಂ ಎಸಿಗಳು ಚಾಲೂ ಆದಾಗ ತಾವಾಗಿ 24 ಡಿಗ್ರಿಗೆ ನಿಲ್ಲಬೇಕು. ಇಂಧನ ದಕ್ಷತಾ ಬ್ಯೂರೋದ ಅಂದಾಜಿನಂತೆ ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿತಾಯ. ಆಮೇಲೆ ರಿಮೋಟ್ ಹಿಡಿದು 18ಕ್ಕೆ ಇಳಿಸಿ, ರಗ್ಗು ಹೊದ್ದು ಮಲಗುವವರಿಗೆ ಬ್ಯೂರೋ ಏನು ಮಾಡಲಾದೀತು?

● ಆಜ್ಞೆ ಕಳಿಸಿದ್ದಾಯಿತು, ‘ಸರಿ’ ಎಂಬ ಉತ್ತರವೂ ಬಂತು, ಎಸಿ ಮಾತ್ರ ಕದಲಲಿಲ್ಲ. ಕೆಟ್ಟಿದೆಯೇ? ಮೂರರಿಂದ ಐದು ನಿಮಿಷ ಕಾಯಿರಿ. ನಿಂತ ಕಂಪ್ರೆಸರನ್ನು ಒಳಗಿನ ಒತ್ತಡ ಸಮವಾಗುವ ಮೊದಲೇ ಎಬ್ಬಿಸಿದರೆ ಮೋಟಾರಿಗೆ ಪೆಟ್ಟು. ಆದ್ದರಿಂದ ಥರ್ಮೋಸ್ಟಾಟ್ ನಿಮ್ಮ ಮಾತನ್ನು ಕೇಳಿಯೂ ಕೇಳದಂತೆ ಕೂರುತ್ತದೆ. ಈ ವಿಷಯ ಗೊತ್ತಿಲ್ಲದೆ ಅದೇ ಆಜ್ಞೆಯನ್ನು ಹತ್ತು ಸಲ ಕಳಿಸುವ ಪ್ರೋಗ್ರಾಂ ಬರೆದವರು ಬೇಕಾದಷ್ಟು ಮಂದಿ.

● ಹೀಗೆ ಪದೇ ಪದೇ ಕಳಿಸುವುದರಲ್ಲಿ ಇನ್ನೊಂದು ಅಪಾಯವಿದೆ. ಕರೆಂಟು ಹೋದರೂ ಮರೆಯದಿರಲಿ ಎಂದು ಥರ್ಮೋಸ್ಟಾಟ್ ನಿಮ್ಮ ಸೆಟ್‌ಪಾಯಿಂಟನ್ನು ಇಇಪ್ರಾಮ್ ಎಂಬ ಚಿಪ್ಪಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಸಾಮಾನ್ಯವಾಗಿ ಈ ಚಿಪ್ಪಿಗೆ ಭರವಸೆ ಕೊಡುವುದು ಒಂದು ಲಕ್ಷ ಬರಹಕ್ಕೆ. ಸ್ಲೇಟಿನ ಹಾಗೆ, ಬರೆದು ಅಳಿಸಿ ಬರೆದು ಅಳಿಸಿ ಸವೆಯುತ್ತದೆ. ಜನ ಗುಂಡಿ ಒತ್ತಿ ಬದಲಿಸಿದರೆ ದಿನಕ್ಕೆ ಹತ್ತು ಸಲ ಆದೀತು, ಲಕ್ಷ ಮುಟ್ಟಲು ಇಪ್ಪತ್ತೇಳು ವರ್ಷ. ಅದೇ ಕಂಪ್ಯೂಟರು ನಿಮಿಷಕ್ಕೊಮ್ಮೆ ಬರೆಸಿದರೆ ದಿನಕ್ಕೆ 1440. ಎಪ್ಪತ್ತನೇ ದಿನಕ್ಕೆ ಲಕ್ಷ ಪೂರೈಸಿರುತ್ತದೆ. ಬದಲಾದಾಗ ಮಾತ್ರ ಬರೆಯಿರಿ ಎಂದು ಕೈಪಿಡಿಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ, ಯಾರೂ ಓದುವುದಿಲ್ಲ.

● ಅಕ್ಷರದ ಆಜ್ಞೆಗಳಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದವು ‘ಎಟಿ’ಯಿಂದ ಶುರುವಾಗುವವು. 1981ರಲ್ಲಿ ಡೆನಿಸ್ ಹೇಯ್ಸ್ ಅವರ ಕಂಪನಿಯ ಸ್ಮಾರ್ಟ್‌ಮೋಡೆಮ್ ಜೊತೆ ಬಂದವು. ಎಟಿ ಅಂದರೆ ‘ಅಟೆನ್ಷನ್’, ಎನ್‌ಸಿಸಿ ಪೆರೇಡಿನ ಸಾವಧಾನ್ ಇದ್ದಂತೆ! ಆ ಮೋಡೆಮ್ ಮ್ಯೂಸಿಯಂ ಸೇರಿತು, ಭಾಷೆ ಉಳಿಯಿತು. ನಮ್ಮ ರೈತರು ಮನೆಯಲ್ಲೇ ಕೂತು ಫೋನಿನಿಂದ ಹೊಲದ ಪಂಪ್‌ಸೆಟ್ ಚಾಲೂ ಮಾಡುತ್ತಾರಲ್ಲ, ಆ ಮೊಬೈಲ್ ಸ್ಟಾರ್ಟರ್ ಡಬ್ಬಿಯೊಳಗೆ ಸಿಮ್ ಹಾಕಿದ ಪುಟ್ಟ ಮಾಡ್ಯೂಲ್ ಇರುತ್ತದೆ. ‘ಮೋಟರ್ ಆನ್ ಆಗಿದೆ’ ಎಂದು ಮೆಸೇಜು ಬರಬೇಕಾದರೆ ಡಬ್ಬಿಯ ಒಳಗೆ ಒಂದು ಚಿಪ್ಪು ಮಾಡ್ಯೂಲಿಗೆ ಸೀರಿಯಲ್ ತಂತಿಯಲ್ಲಿ ‘ಎಟಿ+ಸಿಎಂಜಿಎಸ್’ ಎಂದು ಸಾಲು ಬರೆಯುತ್ತದೆ. ರಾತ್ರಿ ಎರಡಕ್ಕೆ ತ್ರೀ ಫೇಸ್ ಬಂದಾಗ ಟಾರ್ಚು ಹಿಡಿದು ಹಾವುಹುಳದ ಬದುವಿನ ಮೇಲೆ ನಡೆಯುವುದನ್ನು ತಪ್ಪಿಸಿದ ಶ್ರೇಯಸ್ಸಿನಲ್ಲಿ ಈ ಹಳೆಯ ಅಕ್ಷರಗಳಿಗೂ ಪಾಲಿದೆ.

● ಸೀರಿಯಲ್ ಥರ್ಮೋಸ್ಟಾಟ್‌ಗೆ ಪಾಸ್‌ವರ್ಡ್ ಏನು? ಏನೂ ಇಲ್ಲ. ತಂತಿ ಗೋಡೆಯೊಳಗಿದೆ, ಗೋಡೆ ಕಟ್ಟಡದೊಳಗಿದೆ, ಕಟ್ಟಡಕ್ಕೆ ವಾಚ್‌ಮನ್ ಇದ್ದಾನೆ ಎಂಬ ನಂಬಿಕೆಯೇ ಬೀಗ. ಆಮೇಲೆ ಯಾರೋ ಸೀರಿಯಲ್ ತಂತಿಯನ್ನು ಇಂಟರ್‌ನೆಟ್ಟಿಗೆ ದಾಟಿಸುವ ಚಿಕ್ಕ ಡಬ್ಬಿ ಹಾಕಿದರು ಎನ್ನಿ, ಆ ಡಬ್ಬಿ ಯಾರೇ ಬರೆದ ಸಾಲನ್ನೂ ಇದ್ದಂತೆ ಒಳಗೆ ದಾಟಿಸುತ್ತದೆ. ವಾಚ್‌ಮನ್‌ಗೆ ಸುಳಿವೂ ಸಿಗದು.

● 2013ರಲ್ಲಿ ಅಮೆರಿಕದ ಟಾರ್ಗೆಟ್ ಅಂಗಡಿಗಳಿಂದ ನಾಲ್ಕು ಕೋಟಿ ಕಾರ್ಡುಗಳ ವಿವರ ಕದ್ದವರು ಎಸಿ ಮೂಲಕ ನುಗ್ಗಿದರು ಎಂಬ ಕಥೆ ಎಲ್ಲೆಡೆ ಓಡಾಡುತ್ತದೆ. ಅರ್ಧ ನಿಜ. ಕಳ್ಳರು ಬಳಸಿದ್ದು ಎಸಿ-ಶೀತಲೀಕರಣದ ಗುತ್ತಿಗೆದಾರರ ಲಾಗಿನ್ ಹೌದು. ಆದರೆ ಅದು ಬಿಲ್ಲು, ಕರಾರು ಪತ್ರಗಳನ್ನು ಸಲ್ಲಿಸುವ ಖಾತೆ. ಪಾಪ, ಥರ್ಮೋಸ್ಟಾಟ್ ನಿರಪರಾಧಿ.

● ಕಟ್ಟಡಗಳ ಇನ್ನೊಂದು ಭಾಷೆ ಬ್ಯಾಕ್‌ನೆಟ್. 1987ರಲ್ಲಿ ಕೆಲಸ ಶುರು, 1995ರಲ್ಲಿ ಮಾನದಂಡ. ನೆಟ್‌ವರ್ಕಿನಲ್ಲಿ ಅದರ ಬಾಗಿಲ ಸಂಖ್ಯೆ 47808. ಏಕಿಷ್ಟು ವಿಚಿತ್ರ ಸಂಖ್ಯೆ? ಹದಿನಾರರ ಲೆಕ್ಕದಲ್ಲಿ ಬರೆದು ನೋಡಿ: ಬಿ, ಎ, ಸಿ, 0. ಸಮಿತಿಗಳಲ್ಲೂ ತುಂಟರಿರುತ್ತಾರೆ.

● ಕೆಲವು ಕಚೇರಿಗಳ ಗೋಡೆಯ ಮೇಲಿನ ಥರ್ಮೋಸ್ಟಾಟ್‌ಗೆ ಹಿಂದೆ ತಂತಿಯೇ ಇರುವುದಿಲ್ಲ! ‘ಚಳಿ’, ‘ಸೆಕೆ’ ಎಂದು ದಿನವೂ ಜಗಳವಾಡುವ ಸಿಬ್ಬಂದಿಯ ಸಮಾಧಾನಕ್ಕೆ ಡಮ್ಮಿ ಡಬ್ಬಿ ಹಾಕಿದ್ದೇವೆಂದು ಅಮೆರಿಕದ ಎಸಿ ಕಸುಬಿನವರೇ ಒಪ್ಪಿಕೊಂಡಿದ್ದಾರೆ. ಗುಂಡಿ ತಿರುಗಿಸಿದವರಿಗೆ ‘ಈಗ ಸ್ವಲ್ಪ ಪರವಾಗಿಲ್ಲ’ ಅನ್ನಿಸುತ್ತದಂತೆ. ನಿಮ್ಮ ಕಚೇರಿಯದು ಅಸಲಿಯೋ ಡಮ್ಮಿಯೋ ತಿಳಿಯಬೇಕೇ? ಸೀರಿಯಲ್ ತಂತಿಯಿದ್ದರೆ ಒಂದು ಸಾಲು ಬರೆದು ಕೇಳಿ. ಉತ್ತರ ಬಾರದಿದ್ದರೆ ಡಮ್ಮಿ ಎಂದು ಡಂಗುರ ಹೊಡೆಯುವ ಮುನ್ನ ಎ, ಬಿ ತಂತಿಗಳನ್ನು ಒಮ್ಮೆ ಅದಲುಬದಲು ಮಾಡಿ ನೋಡಿ.